ಸರ್ವೆ ತಂಡದ ಸನ್ಮಾನ

ಕರುಣಕ್ಕಾ,

ಇವತ್ತು ಶಿರಾಳಕೊಪ್ಪದಲ್ಲಿ ನಮ್ಮ ಸಂಸ್ಥೆಯ ಸರ್ವೆ ತಂಡಕ್ಕೆ ಸನ್ಮಾನವಾಯಿತು. ಕ್ಯಾಸನೂರಿನಲ್ಲಿ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು, ಆಮೇಲೆ ಜೀಪಿನಲ್ಲಿ ಮಂಡಕ್ಕಿ ಮೆಲ್ಲುತ್ತ ಕೂತಿದ್ದ ಐವರಿಗೆ, ನನ್ನನ್ನೂ ಸೇರಿಸಿ, ಶಾಲು ಹೊದಿಸಿದರು. ಮನೆಮನೆ ಅಲೆದವಳು ನೀನೊಬ್ಬಳೇ. ಜ್ವರವೆಂದು ನೀನು ರಜೆ ಕೇಳಿದಾಗ, "ಟೀಮಿನ ಮರ್ಯಾದೆ ಕಳೀಬೇಡವ್ವ, ಇನ್ನ ನಲವತ್ತು ಮನಿ ಅಷ್ಟೆ" ಅಂದಿದ್ದ ಮ್ಯಾನೇಜರ್ ಮಹೇಶ್ವರಪ್ಪನವರು ಒಗ್ಗಟ್ಟಿನ ಬಗ್ಗೆ ಭಾಷಣ ಮಾಡಿದರು. ಬರೆದುಕೊಟ್ಟವಳು ನಾನು, ಸಾಹಿತ್ಯ ಓದಿದ್ದು ಇದಕ್ಕೇ ಇರಬೇಕು. ಅದೇ ಜ್ವರದಲ್ಲಿ ನೀನು ತೀರಿಹೋದದ್ದನ್ನೂ ಎರಡು ಸಾಲು ಬರೆದಿದ್ದೆ. "ಶುಭಕಾರ್ಯದಾಗ ಅದು ಯಾಕ್ರೀ?" ಎಂದು ಹೊಡೆದುಹಾಕಿದರು.

ಕೊನೆಗೆ ಅತಿಥಿಗಳು, "ಟೀಮಿನೋರು ಎಲ್ಲರೂ ಬಂದಿದೀರೇನ್ರೀ?" ಎಂದು ಕೇಳಿದರು.

ಸಭೆಯಲ್ಲಿ ಎಂದೂ ಬಾಯಿಬಿಡದ ನಾನೇ ಮೊದಲು ಹೇಳಿದೆ: "ಎಲ್ಲರೂ ಬಂದಿದೀವಿ ಸರ್."