ಬೀಸಣಿಕೆ ಇಟ್ಟುಕೊಂಡಿರುವವರಿಗೆ

ಕೆಂಗಲ್ಲೂರು
ಇಸವಿ ಎರಡು ಸಾವಿರದ ಇನ್ನೂರ ಹತ್ತೊಂಬತ್ತು, ದೂಳುಮಾಸದ ಹುಣ್ಣಿಮೆ ಕಳೆದ ಮರುದಿನ

ಹಿಂದಿನವರೇ,

ತಾರೀಖು ಕಂಡು ನಗಬೇಡಿ. ನಿಮ್ಮ ಪಂಚಾಂಗದಲ್ಲಿ ದೂಳುಮಾಸ ಇರಲಿಲ್ಲವೆಂದು ಬಲ್ಲೆ. ಹಳೆಯ ಕ್ವಾರಿಗಳ ಕಲ್ಲುಪುಡಿಯನ್ನು ಪಡುವಣ ಗಾಳಿ ಎಬ್ಬಿಸಿಕೊಂಡು ಬರುವ ತಿಂಗಳಿಗೆ ನಮ್ಮಲ್ಲಿ ಆ ಹೆಸರು. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ. ನಾನೂ ಒಂದು ಮಾತು ಬರೆಯಲು ನಾಚುತ್ತಿದ್ದೇನೆ: ಬೀಸಣಿಕೆ. ನಿಮ್ಮ ಮನೆಯಲ್ಲಿ ಅದು ಮೊಳೆಗೆ ತೂಗುಹಾಕಿದ ಸಾಮಾನು, ನಮ್ಮೂರಿನಲ್ಲಿ ಮಕ್ಕಳ ಮುಂದೆ ಆಡಬಾರದ ಬೈಗುಳ. ನಲ್ಲಿಯ ಹತ್ತಿರ ಜಗಳ ಬಿದ್ದ ಹೆಂಗಸರು, ನಿನ್ನ ಮಾರಿಗೆ ಗಾಳಿ ಬೀಸಲಿ ಎಂದು ಶಪಿಸಿಕೊಳ್ಳುತ್ತಾರೆ.

ನನ್ನ ಹೆಸರು ಹುಲಿಗೆವ್ವ. ಕ್ವಾರಿಯಲ್ಲಿ ಕೂಗಾಳಾಗಿದ್ದೆ. ಬಂಡೆ ಸಿಡಿಸುವ ಮೊದಲು ಎತ್ತರದ ಕಲ್ಲಿನ ಮೇಲೆ ನಿಂತು ಎಲ್ಲರೂ ದೂರ ಸರಿಯಿರಿ ಎಂದು ಕೂಗುವವಳು ಕೂಗಾಳು. ಯಂತ್ರಗಳ ಕೊಂಬು ದೂಳಿಗೆ ಕಟ್ಟಿಕೊಳ್ಳುತ್ತಿತ್ತು, ನನ್ನ ಗಂಟಲು ಕಟ್ಟಿಕೊಳ್ಳುತ್ತಿರಲಿಲ್ಲ. ಕೂಗಲು ಬಾಯಿ ತೆರೆದಾಗಲೆಲ್ಲ ಒಳಗೆ ಹೋದದ್ದು ಈಗ ಲೆಕ್ಕ ಕೇಳುತ್ತಿದೆ. ಈ ಕಾಯಿಲೆಗೆ ನಾವು ಕಲ್ಲೆದೆ ಎನ್ನುತ್ತೇವೆ. ನನ್ನ ಎದೆ ಕಲ್ಲೆಂದು ಮದುವೆಯಾದ ವರ್ಷವೇ ಅತ್ತೆ ಹೇಳಿದ್ದಳು, ವೈದ್ಯರಿಗೆ ಗೊತ್ತಾಗಲು ತಡವಾಯಿತು. ಇದು ವಾಸಿಯಾಗುವುದಲ್ಲ. ಹಾಸಿಗೆಯಿಂದ ಬಚ್ಚಲಿಗೆ ಹೋದರೆ ಗುಡ್ಡ ಹತ್ತಿದಷ್ಟು ದಣಿವು. ಒಂದು ಉಸಿರಿಗೆ ಒಂದೋ ಎರಡೋ ಮಾತು, ಅದೂ ಒಳ್ಳೆಯ ದಿನ. ಊರಿಗೆಲ್ಲ ಬಾಯಿಯಾಗಿದ್ದವಳು ಹೀಗೆ ಮೂಲೆ ಸೇರಿದೆ. ಬರೆಯುವಾಗ ಮಾತ್ರ ಏದುಸಿರು ಬರುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಇಂದಿನವರು ಗೋಡೆಗೆ ಮಾತು ಹೇಳಿಡುತ್ತಾರೆ, ಗೋಡೆ ನೆನಪಿಟ್ಟುಕೊಳ್ಳುತ್ತದೆ. ಕೈಬರಹ ಓದಲು ನನ್ನ ಮಗಳಿಗೂ ಬಾರದು. ಬಂಡೆಗಳ ಮೇಲೆ ಎಚ್ಚರಿಕೆ ಬರೆಯಲೆಂದು ನಾನು ಕಲಿತೆ.

ನಾವು ಇರುವುದು ಮುಚ್ಚುಮನೆಗಳಲ್ಲಿ. ಕಿಟಕಿಗಳಿಗೆ ಅರಗು ಮೆತ್ತಿದೆ. ಗಾಳಿ ಸೋಸಿಕೊಂಡು ತಳದಿಂದ ಬರುತ್ತದೆ, ದೀಪದ ಕುಡಿಯೂ ಅಲುಗದಷ್ಟು ಮೆಲ್ಲಗೆ. ಹಿಂದೊಮ್ಮೆ ಕೆಂಪುಗಾಳಿ ಎದ್ದು ಊರಿಗೆ ಊರೇ ಕೆಮ್ಮಿ ಮಲಗಿತು. ಅಂದಿನಿಂದ ಮದುವೆಯಲ್ಲಿ ಅಕ್ಷತೆ ಬೀಳುವ ಮುನ್ನ ಗಂಡು ಹೆಣ್ಣು ಇಬ್ಬರೂ ಗಾಳಿಗೆ ಬಾಗಿಲು ತೆರೆಯೆವು ಎಂದು ಆಣೆ ಮಾಡಬೇಕು. ಬೀಸಣಿಕೆಗಳನ್ನೂ ಮೊರಗಳನ್ನೂ ರಾಶಿ ಹಾಕಿ ಸುಟ್ಟರು. ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿದರಂತೆ. ನಾವು ಊದುವುದನ್ನೂ ಬಿಟ್ಟೆವು.

ಪ್ರತಿ ಮನೆಯಲ್ಲೂ ಉಸಿರುಗನ್ನಡಿ ಇದೆ. ಎದುರು ಕುಳಿತವರ ರಕ್ತದಲ್ಲಿ ಗಾಳಿ ಸಾಕಷ್ಟಿದ್ದರೆ ಅದು ಹಸಿರಾಗುತ್ತದೆ. ನನ್ನ ಕನ್ನಡಿ ಬಹಳ ದಿನ ಹಸಿರಾಗಿಯೇ ಇತ್ತು, ನಾನೋ ನೀರಿನಿಂದ ತೆಗೆದ ಮೀನು. ಉಸಿರು ಸಾಲದು ಎಂದರೆ ಮಗಳು ಮಹಾನಂದಾ ಕನ್ನಡಿ ನೋಡುತ್ತಿದ್ದಳು. "ಹಸಿರೈತಿ ಯವ್ವಾ, ನಿನಗೇನಾಗಿಲ್ಲ." ನಾನು ಮತ್ತೂ ಒದ್ದಾಡಿದರೆ ವೈದ್ಯರು ಬಂದು ಕನ್ನಡಿ ಒರೆಸಿ ಹೋಗುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಗಬೇಕೆನಿಸಿತ್ತು, ನಗಲು ಉಸಿರು ಬೇಕಲ್ಲ.

ನನಗೆ ಬೇಕಿದ್ದದ್ದು ಒಂದೇ, ಮುಖದ ಮೇಲೆ ಗಾಳಿ. ಕೇಳಿದಾಗಲೆಲ್ಲ ಮಗಳು ಕೆಟ್ಟ ಮಾತು ಕೇಳಿದವಳಂತೆ ಮುಖ ತಿರುಗಿಸಿದಳು.

ಹೋದ ದೂಳುಮಾಸಕ್ಕೆ ಮುನ್ನ ನನ್ನ ನಾದಿನಿ ಕಾಶವ್ವ ಹೊಳೆಸಾಲಿನಿಂದ ನೋಡಲು ಬಂದಳು. ಅಲ್ಲಿನವರು ಮುಚ್ಚುಮನೆಯವರಲ್ಲ. ಅವಳು ಕನ್ನಡಿಯ ಕಡೆ ಕಣ್ಣೆತ್ತಲಿಲ್ಲ, ನನ್ನನ್ನು ನೋಡಿದಳು. ಮುಂದಕ್ಕೆ ಬಾಗಿಸಿ ಮೊಣಕೈಗಳನ್ನು ತೊಡೆಯ ಮೇಲೆ ಊರಿಸಿದಳು. ಬಿಸಿ ಅಂಬಲಿ ಆರಿಸುವಾಗಿನಂತೆ ತುಟಿ ಕೂಡಿಸಿ ಉದ್ದಕ್ಕೆ ಊದಲು ಹೇಳಿದಳು. ತಾನೂ ಜೊತೆಗೆ ಊದಿದಳು. ಆಮೇಲೆ ರೊಟ್ಟಿಬುಟ್ಟಿಯ ಮುಚ್ಚಳ ತೆಗೆದು ನನ್ನ ಮುಖಕ್ಕೆ ಬೀಸತೊಡಗಿದಳು. "ಗಾಳಿ ಒಳಗ ಹೋಗವಲ್ದಂದ್ರ ಮಾರಿ ಮ್ಯಾಲರ ಆಡ್ಲಿ" ಎಂದಳು. ಹೊರಗಿನ ಗಾಳಿಯಲ್ಲ, ನಮ್ಮದೇ ಮನೆಯ ಸೋಸಿದ ಗಾಳಿ. ಮೂಗಿನ ಮೇಲೆ, ಕೆನ್ನೆಯ ಮೇಲೆ ತಣ್ಣಗೆ ಹರಿಯಿತು. ಎದೆಯೊಳಗಿನ ಕಲ್ಲು ಕರಗಲಿಲ್ಲ, ಅದರ ಭಯ ಕರಗಿತು. ನಾನು ಅತ್ತುಬಿಟ್ಟೆ.

ಅಷ್ಟರಲ್ಲಿ ಮಹಾನಂದಾ ಒಳಗೆ ಬಂದಳು. ಮುಚ್ಚಳ ಕಸಿದು ಎಸೆದಳು. "ಅತ್ತಿ, ನನ್ನ ಅವ್ವನ್ನ ಕೊಲ್ಲಾಕ ಬಂದೀಯೇನು? ಅಪ್ಪಗ ಕಿಟಕಿ ತಗದು ಕೊಂದಾಕಿ ನಾನು. ಆ ಪಾಪ ಒಂದ ಸಾಕು" ಎಂದಳು. ಕಾಶವ್ವ ಊಟ ಮಾಡದೆ ಹೊರಟುಹೋದಳು. ಮತ್ತೆ ಬರಲಿಲ್ಲ. ಮಳೆಗಾಲದಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು.

ನನ್ನ ಗಂಡನದೂ ಕಲ್ಲೆದೆಯೇ. ಕೊನೆಯ ದಿನ ಅವನು ಗಾಳಿ ಕೇಳಿದ್ದು ನಿಜ, ಆಗಿನ್ನೂ ಸೊಂಟದೆತ್ತರದ ಹುಡುಗಿಯಾಗಿದ್ದ ಮಹಾನಂದಾ ಅರಗು ಕೆರೆದು ಕಿಟಕಿ ತೆಗೆದದ್ದೂ ನಿಜ. ಸಂಜೆಗೆ ಅವನು ಹೋದ. ಕಿಟಕಿ ಮುಚ್ಚಿದ್ದರೂ ಹೋಗುತ್ತಿದ್ದ, ಅದನ್ನು ಅಂದಿನ ವೈದ್ಯರೇ ಹೇಳಿದ್ದರು. ಊರವರು ಹುಡುಗಿಯ ಕಿವಿಯಲ್ಲಿ ಬೇರೆಯೇ ಊದಿದ್ದರೆಂದು, ಅವಳು ಅದನ್ನು ಇಷ್ಟು ವರ್ಷ ಹೊತ್ತಿದ್ದಳೆಂದು ನನಗೆ ತಿಳಿದದ್ದು ಅವಳು ಮುಚ್ಚಳ ಎಸೆದ ದಿನವೇ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಊರು ಕೇಳುವಂತೆ ಕೂಗುವ ಉಸಿರಿದ್ದಾಗ ಹೇಳಬೇಕಾದದ್ದು ಗೊತ್ತಿರಲಿಲ್ಲ. ಗೊತ್ತಾದಾಗ ಪಕ್ಕದ ಕೋಣೆಗೂ ನನ್ನ ದನಿ ಮುಟ್ಟುತ್ತಿರಲಿಲ್ಲ.

ಒಂದು ವರ್ಷ ಹಾಗೆಯೇ ಹೋಯಿತು. ಅವಳು ಅಂಬಲಿ ತಂದಿಡುತ್ತಿದ್ದಳು, ಕನ್ನಡಿ ನೋಡುತ್ತಿದ್ದಳು, ನಾನು ಅಪ್ಪ ಎಂದು ಬಾಯಿ ತೆರೆದ ಕೂಡಲೇ ಎದ್ದು ಹೋಗುತ್ತಿದ್ದಳು. ನಮ್ಮಿಬ್ಬರಿಗೆ ಉಳಿದಿದ್ದ ದಿನಗಳೇ ಕೆಲವು, ಅವನ್ನು ಹೀಗೆ ಕಳೆದುಕೊಂಡೆವು. ಇದಕ್ಕಿಂತ ದೊಡ್ಡ ಸಂಕಟ ನನಗಿಲ್ಲ, ಕಲ್ಲೆದೆಯೂ ಅಲ್ಲ.

ನಿನ್ನೆ ಬೆಳಿಗ್ಗೆ ನನ್ನ ತಲೆ ಬಾಚಲು ಕುಳಿತಳು. ಜಡೆ ಅವಳ ಕೈಯಲ್ಲಿದ್ದುದರಿಂದ ಎದ್ದು ಹೋಗಲಾಗಲಿಲ್ಲ. ಕಾಶವ್ವ ಕಲಿಸಿದಂತೆ ಉದ್ದಕ್ಕೆ ಊದಿ, ಊದಿ, ಒಂದೊಂದೇ ಮಾತು ಆಚೆ ಇಟ್ಟೆ. "ಅಪ್ಪ… ಗಾಳಿ… ಬೇಡಿದ್ದ." ಬಾಚಣಿಗೆ ನಿಂತಿತು. ನಾನು ನಿಲ್ಲಿಸಲಿಲ್ಲ. "ನೀ… ಕೊಟ್ಟಿ." ಬಹಳ ಹೊತ್ತಿನ ಮೇಲೆ ಇನ್ನೊಂದು ಮಾತಿಗೆ ಉಸಿರು ಸಿಕ್ಕಿತು. "ನಕ್ಕಿದ್ದ." ಅವನು ನಿಜವಾಗಿಯೂ ನಕ್ಕಿದ್ದ. ಕಿಟಕಿಯ ಕಡೆ ಮುಖ ಮಾಡಿ, ಹಲ್ಲು ಕಾಣುವಂತೆ ನಕ್ಕಿದ್ದ.

ಮಹಾನಂದಾ ಬಾಚಣಿಗೆ ಕೆಳಗಿಟ್ಟಳು. ಅಡುಗೆಮನೆಗೆ ಹೋದಳು, ಅಲ್ಲಿ ಬಹಳ ಹೊತ್ತು ಅತ್ತದ್ದು ಕೇಳಿಸಿತು. ಬರುವಾಗ ಅವಳ ಕೈಯಲ್ಲಿ ರೊಟ್ಟಿಬುಟ್ಟಿಯ ಮುಚ್ಚಳವಿತ್ತು.

ಹಿಂದಿನವರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲೂ ಉಸಿರಿಗೆ ಒದ್ದಾಡುವವರು ಇದ್ದಾರು. ವಾಸಿ ಮಾಡಲು ಬಾರದೆಂದು ಎದ್ದು ಹೋಗಬೇಡಿ. ಕನ್ನಡಿಯನ್ನು ಆಮೇಲೆ ಕೇಳಿ, ಮೊದಲು ಅವರನ್ನು ಕೇಳಿ. ಉತ್ತರ ಬರಲು ಹೊತ್ತಾಗುತ್ತದೆ, ಕುಳಿತಿರಿ. ಆ ಬೀಸಣಿಕೆಯನ್ನು ಮೊಳೆಯಿಂದ ಇಳಿಸಿ ಕೈಗೆ ತೆಗೆದುಕೊಳ್ಳಿ. ಸುಡುವ ಕಾಲ ಬಂದಾಗ ಒಂದನ್ನಾದರೂ ಬಚ್ಚಿಡಿ.

ಇಷ್ಟು ಬರೆಯುವವರೆಗೂ ಮಗಳು ಪಕ್ಕದಲ್ಲೇ ಕುಳಿತು ಬೀಸುತ್ತಿದ್ದಾಳೆ. ಅವಳಿಗೆ ಬೀಸಲು ಬರುವುದಿಲ್ಲ, ಮುಚ್ಚಳ ಆಗಾಗ ನನ್ನ ಮೂಗಿಗೆ ಬಡಿಯುತ್ತದೆ. ಕಲಿಸಬೇಕಿದ್ದ ಕಾಶವ್ವ ಇಲ್ಲ. ಕೈ ಸೋತು ಈಗಷ್ಟೇ ಎಡಗೈಗೆ ಬದಲಿಸಿದಳು. ಸಾಕು ಎನ್ನಲು ನನಗೆ ಉಸಿರಿದೆ, ಆದರೆ ಎನ್ನುವುದಿಲ್ಲ.

ನಿಮ್ಮ ಮುಂದಿನವಳು,
ಹುಲಿಗೆವ್ವ