ಹೊಗೆ ಪೈಪಿನ ಬಿರುಕು

ಮಾರ್ಚ್ ೧೪, ಶುಕ್ರವಾರ

ಮೊಮ್ಮಗಳ ಸೇವೆಗೆ ಹೋಗಿ ಅಲ್ಲೇ ಬೇರು ಬಿಟ್ಟಿರುವ ನನ್ನ ಯಜಮಾನಿಗೆ,

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಮಗುವಿಗೆ ಹಲ್ಲು ಬಂದ ಸುದ್ದಿ ಓದಿ ಖುಷಿಯಾಯಿತು. ಸಿಕ್ಕವರನ್ನೆಲ್ಲ ಕಚ್ಚುತ್ತಾಳೆ ಎಂದರೆ ನಿನ್ನ ತವರಿನ ಕಡೆಯವಳೇ ಸರಿ.

ಇಲ್ಲಿನ ಸುದ್ದಿ ನಮ್ಮ ದೋಣಿಯದು. ಹದಿನೈದು ದಿನದಿಂದ ಎಂಜಿನ್ನು ಕಪ್ಪು ಹೊಗೆ ಕಾರುತ್ತಿತ್ತು. ಜನ ತುಂಬಿದರೆ ಆಚೆ ದಡ ಮುಟ್ಟುವಷ್ಟರಲ್ಲಿ ಏದುಸಿರು. ಏರ್ ಫಿಲ್ಟರ್ ಬದಲಿಸಿದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ ಪಂಪು ರಿಪೇರಿ ಅಂಗಡಿಯವನಿಗೆ ತೋರಿಸಿದೆ. ಇವು ಚೆನ್ನಾಗಿವೆ, ಬೇರೆ ಕಡೆ ಹುಡುಕು ಎಂದ. ದೋಣಿಯನ್ನು ತಳ್ಳುವ ಅಡಿಯ ಫ್ಯಾನಿಗೆ ಬಲೆ ಸುತ್ತಿದೆಯೇನೋ ಎಂದು ಈ ವಯಸ್ಸಿನಲ್ಲಿ ನೀರಿಗೂ ಇಳಿದೆ. ಏನೂ ಇರಲಿಲ್ಲ.

ಅಷ್ಟರಲ್ಲಿ, ಈಗ ಚುಕ್ಕಾಣಿ ಹಿಡಿಯುವ ನನ್ನ ತಂಗಿಯ ಮಗಳು ತಲೆನೋವು, ವಾಕರಿಕೆ ಎನ್ನತೊಡಗಿದಳು. ತಿಂಡಿ ಬಿಟ್ಟು ಬಂದು ನೆಪ ಹೇಳುತ್ತಾಳೆ ಎಂದುಕೊಂಡೆ. ಸೋಮವಾರ ಮಧ್ಯಾಹ್ನ ನಲವತ್ತು ಜನರಿದ್ದ ದೋಣಿ ನೇರ ದಡದ ಕಟ್ಟೆಯ ಕಲ್ಲಿನತ್ತಲೇ ನುಗ್ಗತೊಡಗಿತು. ದೋಣಿಯ ಹಿಂಬದಿಯಲ್ಲಿದ್ದ ನಾನು ಓಡಿಹೋಗಿ ನೋಡಿದರೆ ಅವಳು ಚುಕ್ಕಾಣಿ ಚಕ್ರದ ಮೇಲೆ ಒರಗಿಬಿಟ್ಟಿದ್ದಳು. ಚಕ್ರ ತಿರುಗಿಸಿದೆ, ದೋಣಿಯ ಪಕ್ಕ ಕಲ್ಲಿಗೆ ಉಜ್ಜಿಕೊಂಡು ಹೋಯಿತು, ಯಾರಿಗೂ ಪೆಟ್ಟಾಗಲಿಲ್ಲ. ಗಾಳಿಗೆ ಕೂರಿಸಿದ ಮೇಲೆ ಕಣ್ಣು ಬಿಟ್ಟು ಮೆಲ್ಲಗೆ ಹೇಳಿದಳು: "ನೆಪ ಅಲ್ಲ ಮಾವ. ಕಿಟಕಿ ಮುಚ್ಕೊಂಡು ಚುಕ್ಕಾಣಿ ಕೋಣೆಲಿ ಅರ್ಧ ಗಂಟೆ ನೀವೇ ನಿಂತು ನೋಡಿ."

ಮಾರನೆಯ ದಿನ ದೋಣಿ ಕಟ್ಟಿಹಾಕಿ, ಎಂಜಿನ್ನು ಗೇರಿನಲ್ಲಿಟ್ಟು, ಅಂಗಡಿಯವನನ್ನು ಬಾಗಿಲಾಚೆ ಕಾವಲಿಟ್ಟು ಒಳಗೆ ನಿಂತೆ. ಇಪ್ಪತ್ತು ನಿಮಿಷಕ್ಕೆ ಹಣೆಯಲ್ಲಿ ಸುತ್ತಿಗೆ ಬಡಿಯತೊಡಗಿತು. ಹೊರಗೆ ಬಂದು ಎಂಜಿನ್ನಿನ ಮುಚ್ಚಳ ತೆಗೆದು, ತೆಳು ಕಾಗದದ ಪಟ್ಟಿಯೊಂದನ್ನು ಹೊಗೆ ಪೈಪಿನ ಉದ್ದಕ್ಕೂ ಹಿಡಿದೆ. ಪೈಪು ಬಾಗುವ ಬೆಂಡಿನ ಹತ್ತಿರ ಕಾಗದ ಪಟಪಟ ಎಂದಿತು. ಬಿಸಿ ತಡೆಯಲು ಸುತ್ತಿದ್ದ ಬಟ್ಟೆ ಬಿಚ್ಚಿದರೆ ಬೆಂಡು ಉದ್ದಕ್ಕೆ ಸೀಳಿತ್ತು. ಒಳಗೆ ಮಸಿ ಕಲ್ಲಾಗಿ ಕಿರುಬೆರಳು ತೂರುವಷ್ಟೇ ದಾರಿ ಉಳಿದಿತ್ತು. ಹೊಗೆ ಹೊರಹೋಗಲಾರದೆ ಎಂಜಿನ್ನಿಗೆ ಉಸಿರು ಕಟ್ಟಿದೆ. ಸೀಳಿನಲ್ಲಿ ಸೋರಿದ್ದು ಹಲಗೆ ಸಂದಿಯಿಂದ ಚುಕ್ಕಾಣಿ ಕೋಣೆಗೆ ಏರಿದೆ.

ಹೊಸ ಬೆಂಡು ಕೂರಿಸಿದೆ. ಸಂದಿಗಳನ್ನೂ ಮುಚ್ಚಿದೆ. ಡಾಕ್ಟರು ಹುಡುಗಿಗೆ ವಾರದ ವಿಶ್ರಾಂತಿ ಹೇಳಿದ್ದಾರೆ. ಆರಾಮಾಗಿದ್ದಾಳೆ, ಅತ್ತೆಯನ್ನು ಕೇಳಿದೆ ಅಂತ ಬರೆಯಿರಿ ಎಂದಳು.

ಮಗುವಿಗೆ ಮುತ್ತು, ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ನಿನ್ನ,
ಮಸಿಯಪ್ಪ

ತಾ.ಕ.: ಹೇಳಬೇಕಾದದ್ದನ್ನು ಮೇಲೆಲ್ಲ ತಪ್ಪಿಸಿಕೊಂಡು ಬಂದೆ. ಆ ಬಟ್ಟೆ ಸುತ್ತಿದವನು ನಾನೇ, ಆರು ವರ್ಷದ ಹಿಂದೆ. ಆಮೇಲೆ ಬಿಚ್ಚಿಯೇ ಇರಲಿಲ್ಲ. ಅದರ ಒಳಮೈಯೆಲ್ಲ ಹಳೇ ಮಸಿ, ಅಂದರೆ ಸೀಳು ವರ್ಷಗಳಿಂದ ಸೋರುತ್ತಿತ್ತು. ಹನ್ನೊಂದು ವರ್ಷ ಚುಕ್ಕಾಣಿ ಹಿಡಿದ ನೀನು ಕೊನೆಯ ವರ್ಷ, ನಾನು ಬಟ್ಟೆ ಸುತ್ತಿದ ಮೇಲೆ, ಇದೇ ತಲೆನೋವು ಹೇಳಿದ್ದೆ. "ಕೆಲಸ ಬೇಡ ಅಂದ್ರೆ ಬೇಡ ಅನ್ನು, ನಾಟಕ ಆಡ್ಬೇಡ" ಎಂದು ಜನರೆದುರು ಅಂದುಬಿಟ್ಟೆ. ನೀನು ಚಕ್ರ ಬಿಟ್ಟು ಇಳಿದುಹೋದೆ, ಮತ್ತೆ ದೋಣಿ ಹತ್ತಲಿಲ್ಲ. ನಾನು ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ನಿನ್ನೆ ಕಟ್ಟೆಯ ಮೇಲೆ, ಅವತ್ತು ಆ ಮಾತು ಕೇಳಿಸಿಕೊಂಡವರನ್ನೆಲ್ಲ ನಿಲ್ಲಿಸಿ, ನನ್ನ ಯಜಮಾನಿ ಅವತ್ತು ಹೇಳಿದ್ದೇ ನಿಜ, ತಪ್ಪು ನನ್ನದು ಎಂದೆ. ಅವರಲ್ಲಿದ್ದ ಒಬ್ಬ ಮುದಿ ಅಂಬಿಗ, "ನಮಗ್ಯಾಕೆ ಹೇಳ್ತೀಯ, ಅವಳಿಗೆ ಬರಿ" ಎಂದ. ಬರೆದಿದ್ದೇನೆ.