ಬಾತುಕೋಳಿ ಶೂ

ಪ್ರೀತಿಯ ಅತ್ತೆ,

ನನ್ನ ಕಾಲಿನ ಕಿರುಬೆರಳು ಈಗ ಬೇರೆ ಬೆರಳುಗಳನ್ನು ಬಿಟ್ಟು ತಾನೊಂದೇ ಅಲ್ಲಾಡುತ್ತದೆ! ಬೆಳಿಗ್ಗೆಯಿಂದ ಮೂರು ಸಲ ಇವರನ್ನು ಕರೆದು ತೋರಿಸಿದೆ. ಮದುವೆಯಾದ ಮೇಲೆ ನನಗೆ ಇಬ್ಬರು ಅತ್ತೆಯರು, ನಿಜ. ಆದರೆ ಇದನ್ನು ಹೇಳಬೇಕಾದದ್ದು ಅಪ್ಪನ ಅಕ್ಕನಾದ ನಿನಗೇ.

ಮದುವೆಗೆ ನೀನು ಉಡುಗೊರೆ ಕೊಟ್ಟ ಡಬ್ಬವನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿದ್ದೆ. ಒಳಗೇನಿದೆಯೆಂದು ಗೊತ್ತಿತ್ತು. ಮೂವತ್ತು ವರ್ಷ ನೀನು ಮನೆಮನೆಗೆ ಅಂಚೆ ಹಂಚಿದ್ದು ಅಂಥದ್ದರಲ್ಲೇ: ಹಿಮ್ಮಡಿ ಎತ್ತರವಿಲ್ಲದ, ಮುಂದೆ ಅಗಲವಾದ, ಮಡಚಿದರೆ ಜೇಬಿಗೆ ಹೋಗುವಷ್ಟು ತೆಳ್ಳನೆಯ ಶೂ. ನಾವು ಮಕ್ಕಳೆಲ್ಲ ಅದನ್ನು ಬಾತುಕೋಳಿ ಶೂ ಎಂದು ಆಡಿಕೊಳ್ಳುತ್ತಿದ್ದೆವು.

ಮದುವೆಯ ಫೋಟೊಗೆ ನಿಂತಾಗ ನಿನ್ನ ಕಿವಿಯಲ್ಲಿ ನಾನು ಹೇಳಿದ್ದು ಮರೆತಿಲ್ಲ. "ಅತ್ತೆ, ಆ ಶೂ ಕಾಣಿಸದ ಹಾಗೆ ಹಿಂದಿನ ಸಾಲಲ್ಲಿ ನಿಂತ್ಕೋತೀಯಾ?" ನೀನು ಶೂ ಬಿಚ್ಚಿಟ್ಟು, ಬರಿಗಾಲಲ್ಲಿ ನನ್ನ ಪಕ್ಕದಲ್ಲೇ ನಿಂತೆ. ಆಮೇಲೆ ಊಟಕ್ಕೂ ಇರದೆ ಹೊರಟೆ. ಇವತ್ತಿನವರೆಗೂ ಒಂದು ಫೋನಿಲ್ಲ.

ಫೋಟೊ ಕೈಗೆ ಬಂದಾಗ ಇವರು ಬಹಳ ಹೊತ್ತು ನೋಡಿ, "ಇಷ್ಟು ಜನದಲ್ಲಿ ನೆಟ್ಟಗೆ ನಿಂತಿರೋದು ನಿಮ್ಮತ್ತೆ ಒಬ್ಬರೇ ಕಣೇ" ಅಂದರು. ನಾನು ಚೂಪು ಹೀಲ್ಸಿನ ಮೇಲೆ ಮುಂದಕ್ಕೆ ಬಾಗಿ ಇವರ ತೋಳಿಗೆ ಜೋತುಬಿದ್ದಿದ್ದೇನೆ. ಎಲ್ಲರೂ ಅದನ್ನು ನಾಚಿಕೆ ಅಂದುಕೊಂಡರು, ಪುಣ್ಯ. ನಿನ್ನ ಬೆರಳುಗಳು ಮಾತ್ರ ಬೀಸಣಿಗೆಯಂತೆ ಬಿಚ್ಚಿಕೊಂಡು ನೆಲ ಹಿಡಿದಿವೆ.

ಅವತ್ತೇ ಡಬ್ಬ ತೆರೆದೆ. ಚೀಟಿಯಲ್ಲಿ ನಿನ್ನ ಅಕ್ಷರ: "ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ. ನಿನ್ನ ಆತುರ ನಂಗೊತ್ತು." ನಾನು ಕೇಳುತ್ತೇನೆಯೇ? ಮೊದಲ ದಿನವೇ ಅದನ್ನು ಹಾಕಿಕೊಂಡು, ನಾನು ಕೆಲಸ ಮಾಡುವ ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ಎಂಟು ಗಂಟೆ ನಿಂತೆ. ಮರುದಿನ ಮೀನಖಂಡ ಕಲ್ಲಾಗಿ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಹೀಲ್ಸಿನಲ್ಲಿ ವರ್ಷಗಟ್ಟಲೆ ಬಿಗಿದುಕೊಂಡ ಸ್ನಾಯು ಒಂದೇ ದಿನಕ್ಕೆ ಸಡಿಲವಾಗದು ಎಂದು ಆಗ ತಿಳಿಯಿತು. ಆಮೇಲೆ ಗಡಿಯಾರ ನೋಡಿ ಹತ್ತೇ ನಿಮಿಷ. ಈಗ ನಾಲ್ಕು ತಿಂಗಳಾಯಿತು. ಕೌಂಟರಿನ ಹಿಂದೆ ಯಾವ ಟೈಲು ಸಡಿಲವಾಗಿದೆ ಎಂದು ಕೂಡ ನನ್ನ ಪಾದಕ್ಕೆ ಗೊತ್ತು. ಇಷ್ಟೆಲ್ಲ ತಿಳಿದಿದ್ದೂ ನಮ್ಮ ನಗುವನ್ನು ಆ ಅಂಚೆ ಚೀಲದ ಜೊತೆಗೇ ಹೊತ್ತು ನಡೆದೆಯಲ್ಲ, ನೀನೆಂಥವಳು ಅತ್ತೆ!

ಕ್ಷಮಿಸು ಎಂದು ಬರೆದರಷ್ಟೇ ಸಾಲದು. ನಿನ್ನ ಹಳೆಯ ಅಂಚೆಯ ದಾರಿಯನ್ನು ಪೂರ್ತಿ ನಿನ್ನ ಜೊತೆ ನಡೆಯಬೇಕು. ಕೊನೆಗೆ ಇಬ್ಬರದೂ ಒಂದು ಫೋಟೊ, ಶೂ ಚೆನ್ನಾಗಿ ಕಾಣುವ ಹಾಗೆ. ನಿನ್ನ ಕಾಲು ನೂರು ವರ್ಷ ಹೀಗೇ ನೆಲ ಹಿಡಿದಿರಲಿ. ಸ್ಟೇಷನ್ನಿಗೆ ಟ್ಯಾಕ್ಸಿ ಹೇಳಬೇಡ, ಅಲ್ಲಿಂದ ಮನೆಗೆ ನಡೆದೇ ಬರೋಣ.

ನಿನ್ನ ಆತುರಗಾತಿ,
ಶನಿವಾರ ಬೆಳಿಗ್ಗೆ ಹತ್ತೂ ನಲವತ್ತರ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿಯುವವಳು.